ಇಂಗ್ಲೆಂಡಿನ ಪಿಸಿಎಸ್‌ಒ ಸೇವೆ: ಯಾವುದಕ್ಕೆ ಕರೆಯಬೇಕು, ಯಾವುದಕ್ಕೆ ಬೇಡ

ಟೋಪಿಯ ಸುತ್ತ ಕಪ್ಪು-ಬಿಳಿ ಚೌಕಳಿ ಪಟ್ಟಿ ಇದ್ದರೆ ಅವರು ಕಾನ್‌ಸ್ಟೇಬಲ್. ಚೌಕಳಿ ಇಲ್ಲದ ನೀಲಿ ಪಟ್ಟಿ, ಹೆಗಲ ಮೇಲೂ ನೀಲಿ, ಜಾಕೆಟ್ಟಿನ ಮೇಲೆ ‘ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್’ ಎಂಬ ಬರಹ ಇದ್ದರೆ ಅವರು ಪಿಸಿಎಸ್‌ಒ, ಅಂದರೆ ಬಡಾವಣೆಯ ಗಸ್ತಿಗೆಂದು ಇರುವ, ಕಡಿಮೆ ಅಧಿಕಾರದ ಪೊಲೀಸ್ ಸಿಬ್ಬಂದಿ. ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಆದಂತೆಯೇ. ಈ ಸೇವೆಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹಳಷ್ಟು, ಅವರಿಂದ ಆಗದ ಕೆಲಸವನ್ನು ಅವರಿಂದ ಬಯಸಿದ್ದರಿಂದ ಹುಟ್ಟಿದವು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬೀದಿಯ ಪುಂಡಾಟ, ಪದೇ ಪದೇ ಕಾಡುವ ಕಿರುಕುಳ, ಪಕ್ಕದ ಮನೆಯಲ್ಲಿ ಕಳ್ಳತನವಾದ ಮೇಲೆ ಬೇಕಾಗುವ ಎಚ್ಚರಿಕೆ, ಒಂಟಿಯಾಗಿರುವ ವಯಸ್ಸಾದವರನ್ನು ವಿಚಾರಿಸಿಕೊಳ್ಳುವುದು, ಇಂಥವಕ್ಕೆ ಅಲ್ಲಿನ ಪೊಲೀಸ್ ವ್ಯವಸ್ಥೆಯಲ್ಲಿ ಇವರಿಗಿಂತ ಉಪಯೋಗಕ್ಕೆ ಬರುವವರು ಇಲ್ಲ. ತುರ್ತು ಸಹಾಯ, ಬಂಧನ, ಗಂಭೀರ ಪ್ರಕರಣದ ತನಿಖೆ ಇವರ ಕೆಲಸ ಅಲ್ಲವೇ ಅಲ್ಲ. ಸೇವೆಯ ದೊಡ್ಡ ಕೊರತೆ ಗುಣಮಟ್ಟದ್ದಲ್ಲ, ತಲೆಎಣಿಕೆಯದು.

ಹುದ್ದೆ ಹುಟ್ಟಿದ್ದು 2002ರ ಪೊಲೀಸ್ ಸುಧಾರಣಾ ಕಾಯ್ದೆಯಿಂದ. ಅದೇ ವರ್ಷ ಲಂಡನ್ನಿನ ಬೀದಿಗೆ ಮೊದಲ ತಂಡ ಇಳಿಯಿತು. ಬಡಾವಣೆಗೊಂದು ಪೊಲೀಸ್ ತಂಡ ಎಂಬ ಯೋಜನೆ ಇಂಗ್ಲೆಂಡ್, ವೇಲ್ಸ್ ತುಂಬ ಹಬ್ಬಿದ ಹಾಗೆ ಸಂಖ್ಯೆಯೂ ಏರಿ, 2010ರ ಹೊತ್ತಿಗೆ ಸುಮಾರು 16,900 ಮುಟ್ಟಿತು. ಆಮೇಲೆ ಖರ್ಚು ಕಡಿತ ಬಂತು. ಈಗ ಉಳಿದಿರುವುದು ಅದರ ಅರ್ಧಕ್ಕಿಂತ ಕಡಿಮೆ. ನಾರ್ಫಕ್ ಪೊಲೀಸ್ ಪಡೆ 2018ರಲ್ಲಿ ಈ ಹುದ್ದೆಯನ್ನೇ ತೆಗೆದುಹಾಕಿತು. ವೇಲ್ಸ್ ಸರ್ಕಾರ ಮಾತ್ರ ಕಡಿತದ ಕಾಲದಲ್ಲೇ ತನ್ನ ಹಣದಿಂದ 500 ಹೆಚ್ಚುವರಿ ಹುದ್ದೆಗಳನ್ನು ಕೊಟ್ಟಿತು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಪಿಸಿಎಸ್‌ಒ ಎಂಬ ಹುದ್ದೆ ಇಲ್ಲ. ಎಡಿನ್‌ಬರೊದಲ್ಲೋ ಬೆಲ್‌ಫಾಸ್ಟ್‌ನಲ್ಲೋ ಇರುವವರು ಅಲ್ಲಿನ ಸಮುದಾಯ ಕಾನ್‌ಸ್ಟೇಬಲ್‌ಗಳನ್ನು ಕಾಣಬೇಕು.

ಅಧಿಕಾರದ ವಿಷಯಕ್ಕೆ ಬರೋಣ. ಬಂಧಿಸುವ ವಿಷಯದಲ್ಲಿ ಪಿಸಿಎಸ್‌ಒಗೆ ಸಾಮಾನ್ಯ ನಾಗರಿಕನಿಗಿಂತ ಹೆಚ್ಚಿನ ಅಧಿಕಾರವಿಲ್ಲ. ಲಾಠಿಯಾಗಲಿ ಖಾರದ ಸ್ಪ್ರೇ ಆಗಲಿ ಸಾಮಾನ್ಯವಾಗಿ ಇರುವುದಿಲ್ಲ. ಇರಿತ ತಡೆಯುವ ಕವಚ, ರೇಡಿಯೊ, ಎದೆಯ ಮೇಲೊಂದು ಕ್ಯಾಮೆರಾ, ಇಷ್ಟೇ. ಆದರೆ ಇರುವ ಅಧಿಕಾರ ಬೀದಿಯ ಮಟ್ಟಕ್ಕೆ ಸಾಕಷ್ಟು ಹರಿತವಾಗಿದೆ. ಕಿರುಕುಳ ಕೊಡುತ್ತಿರುವವರ ಹೆಸರು, ವಿಳಾಸ ಕೇಳಬಹುದು; ಕೊಡದಿದ್ದರೆ, ಆ ಅಧಿಕಾರ ಕೊಟ್ಟಿರುವ ಪಡೆಗಳಲ್ಲಿ, ಕಾನ್‌ಸ್ಟೇಬಲ್ ಬರುವವರೆಗೆ, ಹೆಚ್ಚೆಂದರೆ 30 ನಿಮಿಷ, ತಡೆದು ನಿಲ್ಲಿಸಬಹುದು. 18 ತುಂಬದವರ ಕೈಯಲ್ಲಿರುವ ಮದ್ಯ, 16 ತುಂಬದವರ ಕೈಯಲ್ಲಿರುವ ಸಿಗರೇಟು ಕಿತ್ತುಕೊಳ್ಳಬಹುದು. ಫುಟ್‌ಪಾತ್ ಮೇಲೆ ಸೈಕಲ್ ಓಡಿಸಿದರೆ ದಂಡದ ಚೀಟಿ ಹರಿಯಬಹುದು. ಸಂಚಾರ ನಿಯಂತ್ರಿಸಬಹುದು. ಬಾಗಿಲ ಒಳಗೆ ಯಾರಾದರೂ ಬಿದ್ದಿದ್ದಾರೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮನೆಯೊಳಗೆ ನುಗ್ಗಬಹುದು. ಈ ಪಟ್ಟಿ ಎಲ್ಲ ಪಡೆಗಳಲ್ಲಿ ಒಂದೇ ಅಲ್ಲ. 2017ರ ಕಾಯ್ದೆಯ ನಂತರ ಯಾವ ಅಧಿಕಾರ ಕೊಡಬೇಕು ಎಂಬುದನ್ನು ಆಯಾ ಪಡೆಯ ಮುಖ್ಯಸ್ಥರೇ ಬಹುಮಟ್ಟಿಗೆ ತೀರ್ಮಾನಿಸುತ್ತಾರೆ. ಲೆಸ್ಟರ್‌ನಲ್ಲಿ ಆದದ್ದು ಮಿಲ್ಟನ್ ಕೀನ್ಸ್‌ನಲ್ಲಿ ಆಗಲಿಲ್ಲವೆಂದರೆ ಕಾರಣ ಇದೇ ಇರಬಹುದು. ನಿಮ್ಮ ಪಡೆಯ ವೆಬ್‌ಸೈಟಿನಲ್ಲಿ ಈ ಪಟ್ಟಿ ಹುಡುಕಿ ಒಮ್ಮೆ ಓದಿಕೊಳ್ಳಿ.

ಇಷ್ಟು ಕಡಿಮೆ ಅಧಿಕಾರದ ಪೊಲೀಸರು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಈ ಹುದ್ದೆಯ ಬಲವೇ ಅದರಲ್ಲಿದೆ ಎಂಬುದು ನಮ್ಮ ಖಚಿತ ಮಾತು. ಕಾನ್‌ಸ್ಟೇಬಲ್ ಯಾರನ್ನಾದರೂ ಬಂಧಿಸಿದರೆ ಆ ಪಾಳಿಯ ಉಳಿದ ಹೊತ್ತೆಲ್ಲ ಲಾಕಪ್ಪಿನ ಕಾಗದಪತ್ರಕ್ಕೇ ಹೋಗಬಹುದು. ಫುಟ್‌ಬಾಲ್ ಪಂದ್ಯ, ಮೆರವಣಿಗೆ, ಪ್ರತಿಭಟನೆ ಅಂದರೆ ಬಡಾವಣೆಯಿಂದ ಮೊದಲು ಎಳೆದೊಯ್ಯುವುದು ಕಾನ್‌ಸ್ಟೇಬಲ್‌ಗಳನ್ನೇ. ಪಿಸಿಎಸ್‌ಒ ಇವ್ಯಾವುದಕ್ಕೂ ಅಷ್ಟಾಗಿ ಒದಗುವುದಿಲ್ಲ, ಹಾಗಾಗಿ ಬೀದಿಯಲ್ಲೇ ಉಳಿಯುತ್ತಾರೆ. ಕರ್ನಾಟಕದಲ್ಲಿ ಬೀಟ್ ಪೊಲೀಸರನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. 2017ರಲ್ಲಿ ಅಲ್ಲಿ ಬೀಟ್ ವ್ಯವಸ್ಥೆ ಸುಧಾರಿಸಿ ಒಂದೊಂದು ಬೀಟಿಗೆ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿದರು, 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಉದ್ದೇಶ ಎರಡೂ ಕಡೆ ಒಂದೇ. ಆದರೆ ನಮ್ಮ ಬೀಟ್ ಕಾನ್‌ಸ್ಟೇಬಲ್‌ಗೆ ಬಂದೋಬಸ್ತ್, ಸಮನ್ಸ್, ಕೋರ್ಟು ಎಲ್ಲವೂ ಬೆನ್ನಿಗಿರುತ್ತವೆ.

ಇವರ ಗಸ್ತಿನಿಂದ ಪ್ರಯೋಜನ ಇದೆಯೇ ಎಂಬುದಕ್ಕೆ ಗಟ್ಟಿ ಪುರಾವೆಯೂ ಇದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞರು ಪೀಟರ್‌ಬರೊ ನಗರದಲ್ಲಿ ಅಪರಾಧ ಹೆಚ್ಚಿರುವ 72 ತಾಣಗಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ತಾಣಗಳಿಗೆ ಪಿಸಿಎಸ್‌ಒಗಳು ದಿನಕ್ಕೆ ಮೂರು ಸಲ, ಪ್ರತಿ ಸಲ 15 ನಿಮಿಷ ಹೋಗಿ ನಡೆದಾಡಬೇಕೆಂದು ಯೋಜನೆ. ಇನ್ನೊಂದು ಗುಂಪಿನಲ್ಲಿ ಎಂದಿನಂತೆ. ಒಂದು ವರ್ಷದ ಕೊನೆಗೆ, ಹೋಲಿಸಿದರೆ, ಗಸ್ತು ಇದ್ದ ಕಡೆ ವರದಿಯಾದ ಅಪರಾಧ 39%, ತುರ್ತು ಕರೆ 20% ಕಡಿಮೆ. 2016ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಅಂಶ ಮುಖ್ಯ: ಎಷ್ಟು ಹೊತ್ತು ನಿಂತರು ಎನ್ನುವುದಕ್ಕಿಂತ ಎಷ್ಟು ಸಲ ಬಂದರು ಎನ್ನುವುದೇ ಹೆಚ್ಚು ಲೆಕ್ಕಕ್ಕೆ ಬಂತು. ನಿಮ್ಮ ಬೀದಿಗೆ ಗಸ್ತು ಕೇಳುವಾಗ ಇದನ್ನು ನೆನಪಿಡಿ. ‘ಸಂಜೆಯೆಲ್ಲ ಯಾರಾದರೂ ಇರಲಿ’ ಎಂದು ಕೇಳಿದರೆ ಆಗದ ಮಾತು. ‘ಶಾಲೆ ಬಿಟ್ಟ ಮೇಲೆ ನಾಲ್ಕರಿಂದ ಆರರೊಳಗೆ, ಆಟದ ಮೈದಾನದ ಹಿಂದಿನ ಗಲ್ಲಿಗೆ, ವಾರದಲ್ಲಿ ಮೂರು ದಿನ ಒಂದು ಸುತ್ತು ಬನ್ನಿ’ ಎಂದು ಕೇಳಿ. ಅದು ಅವರ ಯೋಜನೆಯ ಪಟ್ಟಿಗೆ ನೇರ ಕೂರುವ ಬೇಡಿಕೆ.

ಇವರನ್ನು ಹುಡುಕುವ ದಾರಿ ಸುಲಭ. ಪೊಲೀಸ್ ಡಾಟ್ ಯುಕೆ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಬಡಾವಣೆಯ ತಂಡ, ಇಮೇಲ್, ಮುಂದಿನ ಸಾರ್ವಜನಿಕ ಸಭೆ, ತಂಡ ಸದ್ಯ ಕೈಗೆತ್ತಿಕೊಂಡಿರುವ ಆದ್ಯತೆಗಳು ಸಿಗುತ್ತವೆ. ಅಲ್ಲಿನ ಅಪರಾಧ ನಕ್ಷೆ ತಿಂಗಳಿಗೊಮ್ಮೆ ಬದಲಾಗುತ್ತದೆ. ಚುಕ್ಕಿಗಳು ನಿಖರ ಮನೆಯನ್ನು ತೋರಿಸುವುದಿಲ್ಲ, ಗುರುತು ಸಿಗದಂತೆ ಹತ್ತಿರದ ಒಂದು ಬಿಂದುವಿಗೆ ಸರಿಸಿರುತ್ತಾರೆ. ಹಾಗಾಗಿ ಬಾಡಿಗೆ ಮನೆ ನೋಡುವಾಗ ಚುಕ್ಕಿ ಎಣಿಸಿ ಗಾಬರಿಯಾಗಬೇಡಿ. 2025ರ ಜುಲೈಯಿಂದ ಪ್ರತಿ ಬಡಾವಣೆಗೂ ಹೆಸರು ಹೇಳಿ ಸಂಪರ್ಕಿಸಬಹುದಾದ ಅಧಿಕಾರಿ ಇರಬೇಕು, ಬಡಾವಣೆ ತಂಡಕ್ಕೆ ಬಂದ ವಿಚಾರಣೆಗೆ 72 ಗಂಟೆಯೊಳಗೆ ಉತ್ತರ ಬರಬೇಕು ಎಂದು ಸರ್ಕಾರ ಮಾತು ಕೊಟ್ಟಿದೆ. ಉತ್ತರ ಬಾರದಿದ್ದರೆ ಈ ಮಾತನ್ನೇ ಮುಂದಿಟ್ಟು ಇನ್ನೊಂದು ಇಮೇಲ್ ಹಾಕಿ.

ಈಗ ನಡೆಯುತ್ತಿರುವ ಅಪರಾಧ, ಜೀವಕ್ಕೆ ಅಪಾಯ ಅಂದರೆ 999. ತುರ್ತಲ್ಲದ್ದಕ್ಕೆ 101, 2020ರ ಏಪ್ರಿಲ್‌ನಿಂದ ಇದು ಉಚಿತ, ಆದರೆ ಕಾಯಬೇಕಾಗಬಹುದು, ಆನ್‌ಲೈನ್ ಅರ್ಜಿ ಎಷ್ಟೋ ಸಲ ಬೇಗ ಮುಗಿಯುತ್ತದೆ. ಪಿಸಿಎಸ್‌ಒ ಇಮೇಲಿಗೆ ತುರ್ತು ವಿಷಯ ಎಂದೂ ಬರೆಯಬೇಡಿ. ಅವರು ರಜೆಯಲ್ಲಿದ್ದರೆ ಅದನ್ನು ಇನ್ನೊಬ್ಬರು ತೆರೆದು ನೋಡುತ್ತಾರೆ ಎಂಬ ಖಾತ್ರಿ ಇಲ್ಲ. ಇವರ ಪಾಳಿ ಸಾಮಾನ್ಯವಾಗಿ ಬೆಳಗಿನಿಂದ ರಾತ್ರಿ ಹತ್ತರ ಆಸುಪಾಸಿನವರೆಗೆ. ನಡುರಾತ್ರಿಯ ಸದ್ದಿಗೆ ಇವರು ಬರುವುದಿಲ್ಲ.

ಸೇವೆ ಎಡವುವುದು ಹೆಚ್ಚಾಗಿ ಇಲ್ಲಿ: ದಾರಿಯಲ್ಲಿ ಸಿಕ್ಕ ಪಿಸಿಎಸ್‌ಒಗೆ ವಿಷಯವನ್ನು ಬಾಯಿಮಾತಲ್ಲಿ ಹೇಳುತ್ತೀರಿ, ಅವರು ತಲೆಯಾಡಿಸಿ ಕೇಳಿಸಿಕೊಳ್ಳುತ್ತಾರೆ, ‘ನೋಡ್ತೀನಿ’ ಅನ್ನುತ್ತಾರೆ. ನಿಮ್ಮ ಲೆಕ್ಕದಲ್ಲಿ ದೂರು ಕೊಟ್ಟಾಯಿತು. ಪೊಲೀಸ್ ವ್ಯವಸ್ಥೆಯ ಲೆಕ್ಕದಲ್ಲಿ ಏನೂ ಆಗಿಲ್ಲ. ರೆಫರೆನ್ಸ್ ನಂಬರ್ ಇಲ್ಲದ ದೂರು ದೂರೇ ಅಲ್ಲ. ವಾಟ್ಸಾಪ್ ಗುಂಪಿನಲ್ಲಿ, ಪೊಲೀಸರ ಫೇಸ್‌ಬುಕ್ ಪುಟದ ಕೆಳಗೆ ಬರೆದದ್ದೂ ಹಾಗೆಯೇ. ಪಿಸಿಎಸ್‌ಒ ಎದುರಿಗಿದ್ದಾಗಲೇ ‘ಇದನ್ನು ದಾಖಲಿಸಿ ನಂಬರ್ ಕೊಡುತ್ತೀರಾ?’ ಎಂದು ಕೇಳಿ. ಕೇಳುವುದು ಅವಮರ್ಯಾದೆಯಲ್ಲ, ಅವರಿಗೂ ಅದರಿಂದ ಅನುಕೂಲ: ಗಸ್ತು ಎಲ್ಲಿಗೆ ಹೋಗಬೇಕು ಎಂದು ಮೇಲಿನವರು ನೋಡುವುದು ಈ ದಾಖಲೆಗಳನ್ನೇ.

ಪದೇ ಪದೇ ನಡೆಯುವ ಕಿರುಕುಳವಾದರೆ ಒಂದು ನೋಟ್‌ಬುಕ್ ಇಡಿ. ‘ದಿನಾ ಗಲಾಟೆ’ ಎಂದು ಬರೆದರೆ ಉಪಯೋಗವಿಲ್ಲ. ಸಾಲು ಹೀಗಿರಬೇಕು: ‘ಮಂಗಳವಾರ, ಸಂಜೆ 6.40ರಿಂದ 7.15, ಎದುರಿನ ಗ್ಯಾರೇಜ್ ಸಾಲು, ನಾಲ್ವರು ಹುಡುಗರು, ಒಬ್ಬನ ಬಳಿ ಕೆಂಪು ಎಲೆಕ್ಟ್ರಿಕ್ ಬೈಕ್, ನಮ್ಮ ಬಾಗಿಲಿಗೆ ಎರಡು ಸಲ ಮೊಟ್ಟೆ ಎಸೆದರು, ಮಗು ಎದ್ದು ಅತ್ತಿತು.’ ದಿನ, ಶುರು, ಕೊನೆ, ಜಾಗ, ಗುರುತು, ನಿಮಗಾದ ತೊಂದರೆ. ಕೊನೆಯದನ್ನು ನಮ್ಮವರು ಸಂಕೋಚಕ್ಕೆ ಬರೆಯುವುದೇ ಇಲ್ಲ, ಆದರೆ ಕಾನೂನಿನಲ್ಲಿ ತೂಕ ಇರುವುದು ಅದಕ್ಕೆ. ಡೋರ್‌ಬೆಲ್ ಕ್ಯಾಮೆರಾದ ಗಡಿಯಾರ ಸರಿ ಇದೆಯೇ ನೋಡಿ. ತುಣುಕುಗಳು ಕೆಲವು ವಾರಗಳಲ್ಲಿ ತಾನಾಗಿ ಅಳಿಸಿಹೋಗುತ್ತವೆ, ಬೇಕಾದ್ದನ್ನು ಅಂದೇ ಇಳಿಸಿಕೊಳ್ಳಿ. ಬೈಗುಳದಲ್ಲಿ ಬಣ್ಣ, ಧರ್ಮ, ದೇಶದ ಮಾತು ಬಂದಿದ್ದರೆ ಆ ಪದಗಳನ್ನು ಹಾಗೇ ಬರೆದುಕೊಂಡು, ಇದು ದ್ವೇಷದ ಕೃತ್ಯ ಎಂದು ದೂರಿನಲ್ಲೇ ಸ್ಪಷ್ಟವಾಗಿ ಹೇಳಿ.

ಇಷ್ಟಾದರೂ ಏನೂ ಆಗದಿದ್ದರೆ 2014ರ ಕಾಯ್ದೆ ಒಂದು ಹಕ್ಕು ಕೊಟ್ಟಿದೆ, ಬಹಳ ಜನರಿಗೆ ಗೊತ್ತಿಲ್ಲ. ಆರು ತಿಂಗಳಲ್ಲಿ ಮೂರು ದೂರು ಕೊಟ್ಟಿದ್ದರೆ (ಕೆಲವು ಸ್ಥಳೀಯ ಕೌನ್ಸಿಲ್‌ಗಳಲ್ಲಿ ಇನ್ನೂ ಕಡಿಮೆಗೆ) ‘ಎಎಸ್‌ಬಿ ಕೇಸ್ ರಿವ್ಯೂ’, ಅಂದರೆ ಕಿರುಕುಳದ ಪ್ರಕರಣದ ಮರುಪರಿಶೀಲನೆ, ಕೇಳಬಹುದು. ಹಿಂದೆ ಇದನ್ನು ‘ಕಮ್ಯುನಿಟಿ ಟ್ರಿಗರ್’ ಅನ್ನುತ್ತಿದ್ದರು. ಆಗ ಪೊಲೀಸರು, ಕೌನ್ಸಿಲ್, ಆರೋಗ್ಯ ಇಲಾಖೆ, ವಸತಿ ಸಂಸ್ಥೆ ಕೂಡಿ ಕೂತು ಇದುವರೆಗೆ ಏನು ಮಾಡಿದಿರಿ ಎಂದು ಪರಿಶೀಲಿಸಲೇಬೇಕು. ಘಟನೆ ನಡೆದ ಒಂದು ತಿಂಗಳೊಳಗೆ ದೂರು, ದೂರು ಕೊಟ್ಟ ಆರು ತಿಂಗಳೊಳಗೆ ಅರ್ಜಿ, ಇದು ಗಡುವು. ರೆಫರೆನ್ಸ್ ನಂಬರ್ ಬಗ್ಗೆ ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ: ಮೂರು ದೂರಿಗೆ ಮೂರು ನಂಬರ್ ಕೈಯಲ್ಲಿದ್ದರೆ ‘ನಮ್ಮಲ್ಲಿ ದಾಖಲೆ ಇಲ್ಲ’ ಎಂದು ಯಾರೂ ಸಾಗಹಾಕಲಾಗದು.

ನಮ್ಮ ಮನೆಗಳಿಗೆ ಈ ಸೇವೆಯಿಂದ ಆಗಬಹುದಾದ ಅತಿ ದೊಡ್ಡ ಉಪಕಾರ ಬಂಗಾರದ ವಿಷಯದಲ್ಲಿ. ದಕ್ಷಿಣ ಏಷ್ಯಾದ ಕುಟುಂಬಗಳ ಮನೆಯಲ್ಲಿ ಒಡವೆ ಇರುತ್ತದೆ ಎಂದು ಕಳ್ಳರಿಗೆ ಗೊತ್ತು. ದೀಪಾವಳಿಯ ಮುಂಚೆ ಹಲವು ಪಡೆಗಳು ಇದಕ್ಕೆಂದೇ ಎಚ್ಚರಿಕೆ ಕೊಡುತ್ತವೆ. ಒಂದು ಮನೆಗೆ ಕನ್ನ ಬಿದ್ದರೆ ಮುಂದಿನ ಕೆಲವು ವಾರ ಅದೇ ಸಾಲಿನ ಮನೆಗಳಿಗೆ ಅಪಾಯ ಹೆಚ್ಚು, ಅದಕ್ಕೇ ಪಿಸಿಎಸ್‌ಒಗಳು ಅಕ್ಕಪಕ್ಕ, ಎದುರು, ಹಿಂದಿನ ಮನೆಗಳ ಬಾಗಿಲು ತಟ್ಟುತ್ತಾರೆ. ಆಗ ‘ನಮಗೇನೂ ಗೊತ್ತಿಲ್ಲ’ ಎಂದು ಬಾಗಿಲು ಹಾಕಬೇಡಿ. ಮನೆಯ ಭದ್ರತೆ ನೋಡಿ ಹೇಳುತ್ತೀರಾ ಎಂದು ಕೇಳಿ.

ಚೆನ್ನಾಗಿ ಪಳಗಿದ ಪಿಸಿಎಸ್‌ಒ ಮೊದಲು ಮುಟ್ಟಿ ನೋಡುವುದು ಮುಂಬಾಗಿಲ ಬೀಗದ ಸಿಲಿಂಡರನ್ನು. ಅದು ಹಿಡಿಕೆಯ ತಟ್ಟೆಯಿಂದ 3 ಮಿಲಿಮೀಟರ್‌ಗಿಂತ ಹೆಚ್ಚು ಹೊರಚಾಚಿದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯುವುದು ಕ್ಷಣದ ಕೆಲಸ. ಟಿಎಸ್ 007 ಮೂರು ನಕ್ಷತ್ರ ಅಥವಾ ಎಸ್‌ಎಸ್ 312 ಡೈಮಂಡ್ ಗುರುತಿನ ಸಿಲಿಂಡರ್ ಹಾಕಿಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರೆಯಿರಿ. ಇನ್ನೊಂದು, ಯುಪಿವಿಸಿ ಬಾಗಿಲು ಎಳೆದುಕೊಂಡ ಮಾತ್ರಕ್ಕೆ ಬೀಗ ಬಿದ್ದಂತಲ್ಲ. ಹಿಡಿಕೆ ಮೇಲೆತ್ತಿ ಕೀಲಿ ತಿರುಗಿಸಿದ ಮೇಲೆಯೇ ಅಗುಳಿಗಳು ಭದ್ರವಾಗುವುದು. ಊರಿಂದ ಬಂದ ಅಪ್ಪ-ಅಮ್ಮನಿಗೆ ಇದನ್ನು ಕೈಹಿಡಿದು ತೋರಿಸಿಕೊಡಿ. ಬೀಗ ನೋಡಿದ ಮೇಲೆ ಪಿಸಿಎಸ್‌ಒ ಪಕ್ಕದ ಗೇಟು, ಹತ್ತಲು ಅನುಕೂಲವಾಗುವ ಕಸದ ಡಬ್ಬಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಕಾರಿನ ಕೀಲಿ ನೋಡುತ್ತಾರೆ.

ಒಡವೆಯ ದಾಖಲೆ ನಿಮ್ಮ ಕೆಲಸ. ‘ಚಿನ್ನದ ಸರ, ಒಂದು’ ಎಂದು ಹೇಳಿಕೆ ಕೊಟ್ಟರೆ ಸಿಕ್ಕ ಸರ ನಿಮ್ಮದೇ ಎಂದು ಯಾರೂ ಗುರುತಿಸಲಾರರು. ಬಣ್ಣವಿಲ್ಲದ ಬಟ್ಟೆಯ ಮೇಲೆ ಪಕ್ಕದಲ್ಲಿ ಸ್ಕೇಲು ಇಟ್ಟು ಎರಡೂ ಬದಿ, ಕೊಂಡಿ, ಬೆಸುಗೆ ಹಾಕಿಸಿದ ಜಾಗದ ಫೋಟೊ ತೆಗೆಯಿರಿ. ಅವಲಕ್ಕಿ ಸರ, ಕಾಸಿನ ಸರದಂಥವಕ್ಕೆ ಇಂಗ್ಲಿಷಿನಲ್ಲಿ ಹೆಸರು ಹುಡುಕುವುದಕ್ಕಿಂತ ಫೋಟೊ, ತೂಕ, ಉದ್ದ ಕೊಡುವುದೇ ಮೇಲು. ಈಚೆಗೆ ಭಾರತದಲ್ಲಿ ಕೊಂಡ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ-ಅಂಕೆ ಕೂಡಿದ ಆರು ಸ್ಥಾನದ ಎಚ್‌ಯುಐಡಿ ಕೊರೆದಿರುತ್ತದೆ. ಭೂತಗನ್ನಡಿಯಲ್ಲಿ ನೋಡಿ ಬರೆದಿಡಿ. ಈ ವಿವರಗಳನ್ನು ಪೊಲೀಸರು ಹುಡುಕಬಲ್ಲ ‘ಇಮ್ಮೊಬಿಲೈಸ್’ ಎಂಬ ಆನ್‌ಲೈನ್ ದಾಖಲೆಯಲ್ಲಿ ಸೇರಿಸಬಹುದು. ಮನೆಯ ವಿಮೆಯಲ್ಲಿ ಒಂದೊಂದು ವಸ್ತುವಿಗೂ ಮಿತಿ ಇರುತ್ತದೆ, ಬೇರೆಯಾಗಿ ನಮೂದಿಸದ ಒಡವೆಗೆ ಆ ಮಿತಿಯಷ್ಟೇ ಸಿಗುವುದು. ಒಡವೆ ಬಚ್ಚಿಡಲು ದೇವರ ಗೂಡು, ಅಕ್ಕಿ ಡಬ್ಬಿ, ಸೀರೆಯ ಮಡಿಕೆ ದಯವಿಟ್ಟು ಬೇಡ.

ಇನ್ನು ಇವರ ಬಳಿ ಒಯ್ಯಬಾರದ ಸಂಗತಿಗಳು. ರಾತ್ರಿಯ ಪಾರ್ಟಿ ಸದ್ದು ಕೌನ್ಸಿಲ್ಲಿನ ಪರಿಸರ ಆರೋಗ್ಯ ವಿಭಾಗದ್ದು. ಹಳದಿ ಗೆರೆಯ ಮೇಲೆ ನಿಂತ ಕಾರು, ರಸ್ತೆಬದಿ ಸುರಿದ ಕಸ ಕೂಡ ಕೌನ್ಸಿಲ್ಲಿನದೇ. ಫುಟ್‌ಪಾತ್ ಪೂರ್ತಿ ಮುಚ್ಚಿ ಗಾಲಿಕುರ್ಚಿಗೂ ದಾರಿ ಇಲ್ಲದಂತೆ ನಿಂತ ಕಾರು, ನಿಮ್ಮ ಕಾರು ಹೊರಬರದಂತೆ ಅಡ್ಡ ನಿಂತ ಕಾರು ಪೊಲೀಸರಿಗೆ. ಪಟಾಕಿಯದು ನಮಗೆ ಹತ್ತಿರದ ವಿಷಯ: ದೀಪಾವಳಿಯ ರಾತ್ರಿ ಒಂದು ಗಂಟೆಯವರೆಗೆ ಸ್ವಂತ ಹಿತ್ತಲಲ್ಲಿ ಹಚ್ಚಬಹುದು, ಬೇರೆ ಸಾಮಾನ್ಯ ದಿನಗಳಲ್ಲಿ ಹನ್ನೊಂದರವರೆಗೆ. ಬೀದಿಯಲ್ಲಿ ಹಚ್ಚುವುದು ಯಾವ ದಿನವೂ ಅಪರಾಧವೇ. ಬೀದಿಯಲ್ಲಿ ಹಚ್ಚಿದ್ದಕ್ಕೆ ನೆರೆಯವರು ಕರೆದು ಪಿಸಿಎಸ್‌ಒ ಬಂದರೆ ವಾದಕ್ಕಿಳಿಯಬೇಡಿ, ಕಾನೂನು ಅವರ ಕಡೆಗಿದೆ.

ಪೊಲೀಸರ ಹೆಸರಲ್ಲಿ ಮೋಸ ಮಾಡುವವರೂ ಇದ್ದಾರೆ. ಬಾಗಿಲಿಗೆ ಬಂದವರನ್ನು ಗುರುತಿನ ಚೀಟಿ ಕೇಳಿ. ಕೇಳಿದರೆ ತೋರಿಸಬೇಕೆಂಬುದು ಕಾನೂನು. ಅನುಮಾನವಿದ್ದರೆ ಹೆಗಲ ಮೇಲಿನ ನಂಬರ್ ಬರೆದುಕೊಂಡು, ಬಾಗಿಲು ಹಾಕಿ, 101ಕ್ಕೆ ನೀವೇ ಫೋನ್ ಮಾಡಿ. ನಿಜವಾದವರು ಹೊರಗೆ ಕಾಯುತ್ತಾರೆ. ಬ್ಯಾಂಕ್ ಕಾರ್ಡು, ಪಿನ್, ‘ಸುರಕ್ಷಿತವಾಗಿ ಇಡಲು’ ಬಂಗಾರ, ಇವನ್ನು ಯಾವ ಪೊಲೀಸರೂ ಕೇಳುವುದಿಲ್ಲ. ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗೆ ಈ ಮಾತುಗಳನ್ನು ಕನ್ನಡದಲ್ಲಿ ಬರೆದು ಫೋನ್ ಪಕ್ಕ ಅಂಟಿಸಿಡಿ.

ಸೇವೆಯಲ್ಲಿ ನಮಗೆ ನಿಜಕ್ಕೂ ಬೇಸರ ತರುವುದು ಎರಡು. ಒಬ್ಬ ಪಿಸಿಎಸ್‌ಒಗೆ ಹಲವು ವಾರ್ಡು ಹಂಚಿದ ಕಡೆ ಅವರು ನಡೆಯುವುದನ್ನು ಬಿಟ್ಟು ಕಾರಲ್ಲಿ ಓಡಾಡತೊಡಗುತ್ತಾರೆ, ಮುಖ ಪರಿಚಯ ಅಲ್ಲಿಗೆ ತಪ್ಪಿತು. ಎರಡನೆಯದು ಆದ್ಯತೆಯ ಸಭೆಗಳು. ಅಲ್ಲಿಗೆ ಬರುವ ಬೆರಳೆಣಿಕೆಯ ಜನರ ಅಹವಾಲೇ ಇಡೀ ಬಡಾವಣೆಯ ಆದ್ಯತೆಯಾಗಿಬಿಡುತ್ತದೆ. ವಲಸೆ ಬಂದ ಕುಟುಂಬಗಳು, ಪಾಳಿಯಲ್ಲಿ ದುಡಿಯುವ ನರ್ಸುಗಳು, ಸಣ್ಣ ಮಕ್ಕಳ ತಾಯಂದಿರು ಅಲ್ಲಿ ಇರುವುದೇ ಇಲ್ಲ. ಹೋಗಲಾಗದಿದ್ದರೆ ಸಭೆಗೆ ಮುಂಚೆ ಇಮೇಲ್ ಹಾಕಿ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಿ. ಪಿಸಿಎಸ್‌ಒ ನಡವಳಿಕೆಯ ಬಗ್ಗೆಯೇ ದೂರಿದ್ದರೆ ಮೊದಲು ಅವರ ಸಾರ್ಜೆಂಟ್‌ಗೆ ಬರೆಯಿರಿ, ಅಲ್ಲಿ ತೀರದಿದ್ದರೆ ಪಡೆಯ ದೂರು ವಿಭಾಗಕ್ಕೆ.

ಕನ್ನಡ ಸಂಘಗಳಿಗೆ ಒಂದು ಕೋರಿಕೆ. ಯುಗಾದಿ, ದೀಪಾವಳಿಗೆ ಶಾಲೆಯ ಹಾಲ್ ಗೊತ್ತು ಮಾಡಿದ ದಿನವೇ ಆ ಬಡಾವಣೆಯ ತಂಡಕ್ಕೂ ಇಮೇಲ್ ಕಳಿಸಿ. ಒಂದೆರಡು ತಿಂಗಳು ಮುಂಚೆ ತಿಳಿಸಿದರೆ ಪಾಳಿ ಹೊಂದಿಸಿಕೊಳ್ಳುವುದು ಅವರಿಗೆ ಸುಲಭ. ‘ಭಾಷಣ ಮಾಡಿ’ ಎಂದು ಕರೆಯಬೇಡಿ. ಪ್ರವೇಶದ ಬಳಿ ಒಂದು ಮೇಜು ಕೊಟ್ಟು, ಸೈಕಲ್ ಗುರುತು ಹಾಕುವುದು, ಒಡವೆ ದಾಖಲಿಸುವ ವಿಧಾನ, ಬೀಗದ ಮಾದರಿಗಳು, ಮೂರರಲ್ಲಿ ಯಾವುದು ತರಬಲ್ಲಿರಿ ಎಂದು ಕೇಳಿ. ಪಕ್ಕದಲ್ಲಿ ಕನ್ನಡ ಬಲ್ಲ ಸ್ವಯಂಸೇವಕರೊಬ್ಬರನ್ನು ಕೂರಿಸಿ. ಕಾರ್ಯಕ್ರಮಕ್ಕೆ ಬಂದವರ ಮನೆಗಳು ಅಂದು ಸಂಜೆ ಖಾಲಿ ಇರುತ್ತವೆ. ಆದ್ದರಿಂದ ಕುಟುಂಬ ಸಮೇತ ಒಡವೆ ತೊಟ್ಟ ಫೋಟೊಗಳನ್ನು ಮನೆ ಸೇರಿದ ಮೇಲೆ ಹಂಚಿಕೊಳ್ಳಿ ಎಂದು ಮೈಕಿನಲ್ಲಿ ಒಮ್ಮೆ ಹೇಳಿಸಿ.